ಜ್ವರ ಇಳಿದ ದಿನ

ಮಳೆಗಾಲ ಬಂದು ಹಳೇ ಟಯರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆಗಳಲ್ಲೆಲ್ಲ ನೀರು ನಿಂತಿತೆಂದರೆ ನೆಲಿದಾ ದುಮಾಂಕಾಸಳಿಗೆ ಕೈತುಂಬ ಕೆಲಸ. ಊರಿನವರ ಜ್ವರವನ್ನು ಓದುವುದೇ ಅವಳ ಕೆಲಸವಾಗಿತ್ತು.

ಪನಾಯ್ ದ್ವೀಪದ ಆ ಕಡಲೂರಿನ ಜನ ಡಾಕ್ಟರಿಗೆ ಹೇಳುವ ಮೊದಲು ಫೇಸ್‌ಬುಕ್ಕಿಗೆ ಹೇಳುತ್ತಿದ್ದರು. ಮಗುವಿನ ಮೈ ಸುಡುತ್ತಿದೆ, ಗಂಡ ಹಾಸಿಗೆ ಹಿಡಿದಿದ್ದಾನೆ, ಕಣ್ಣುಗುಡ್ಡೆಯ ಹಿಂದೆ ನೋವು, ಯಾರಿಗಾದರೂ ಒಳ್ಳೆ ಕಷಾಯ ಗೊತ್ತಿದ್ದರೆ ಹೇಳಿ, ಎಲ್ಲವೂ ಅಲ್ಲೇ. ಆಸ್ಪತ್ರೆಗಳಿಂದ ಡೆಂಗಿ ಜ್ವರದ ವರದಿ ಮೇಲಿನವರ ಮೇಜಿಗೆ ಬರುವಷ್ಟರಲ್ಲಿ ಸೊಳ್ಳೆ ಇನ್ನೆರಡು ಕೇರಿ ದಾಟಿರುತ್ತಿತ್ತು. ಅದಕ್ಕೇ ಆರೋಗ್ಯ ಕಚೇರಿಯ ಮಹಡಿಯಲ್ಲಿ ಒಂದು ಪುಟ್ಟ ವಿಭಾಗ ತೆರೆದಿದ್ದರು. ಜನ ಬಹಿರಂಗವಾಗಿ ಬರೆದದ್ದರಲ್ಲಿ ಜ್ವರದ ಮಾತಿದ್ದರೆ ಅಲ್ಲಿನ ಕಂಪ್ಯೂಟರು ಅದನ್ನು ಹೆಕ್ಕಿಕೊಳ್ಳುತ್ತಿತ್ತು. ಬರೆದವರ ಹೆಸರು, ಫೋಟೋ ಅಳಿಸಿ, ಕೇರಿ ಮತ್ತು ಮಾತು ಮಾತ್ರ ಉಳಿಸಿಕೊಂಡು, ಊರಿನ ನಕ್ಷೆಯ ಮೇಲೆ ಒಂದು ಚುಕ್ಕೆ ಇಡುತ್ತಿತ್ತು. ಕಾಯಿಲೆಗೆ ಕೆಂಪು ಚುಕ್ಕೆ, ಗುಣವಾದರೆ ಹಸಿರು. ಕೆಂಪು ಎಲ್ಲಿ ಒತ್ತೊತ್ತಾಗಿ ಬಿತ್ತೋ ಅಲ್ಲಿಗೆ ಹೊಗೆ ಹೊಡೆಯುವವರು, ನಿಂತ ನೀರು ಚೆಲ್ಲಿಸುವವರು ಮರುದಿನವೇ ಹೋಗುತ್ತಿದ್ದರು.

ಕಂಪ್ಯೂಟರಿಗೆ ಇಂಗ್ಲಿಷ್ ಬರುತ್ತಿತ್ತು, ರಾಜಧಾನಿಯ ತಗಾಲೋಗ್ ಭಾಷೆಯೂ ಬರುತ್ತಿತ್ತು. ಆದರೆ ಈ ಊರಿನ ಇಲೊಂಗ್ಗೋ ಮಾತಿನ ವ್ಯಂಗ್ಯ, ಹುಸಿನಗೆ, ಮೂರು ಭಾಷೆ ಕಲಸಿ ಉಣ್ಣುವ ಚಾಳಿ ಅದರ ತಲೆಗೆ ಹತ್ತುತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಜ್ವರಕ್ಕೂ ಅದು ಕೆಂಪು ಚುಕ್ಕೆ ಇಡುತ್ತಿತ್ತು, ಮದುವೆಯ ಜ್ವರಕ್ಕೂ ಇಡುತ್ತಿತ್ತು. ಅದನ್ನು ತಿದ್ದಲು ನೆಲಿದಾಳನ್ನು ಕರೆತಂದರು. ಅವಳು ಬಹಳ ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿದ್ದವಳು. ಸಾಕ್ಷಿ ಕಟಕಟೆಯಲ್ಲಿ ನಿಂತವನು ‘ಹೌದು’ ಎಂದರೆ ಅದು ನಿಜವಾದ ಹೌದೋ, ಹೆದರಿದ ಹೌದೋ, ಹಂಗಿಸುವ ಹೌದೋ ಅವಳಿಗೆ ಕಿವಿಯಲ್ಲೇ ತಿಳಿಯುತ್ತಿತ್ತು.

“ಮನಾಂಗ್ ನೆಲಿ, ಇದನ್ನ ನೋಡಿ,” ಎನ್ನುತ್ತಿದ್ದ ಪಕ್ಕದ ಮೇಜಿನ ಶೆರ್ವಿನ್. ಆ ವ್ಯವಸ್ಥೆಯನ್ನು ಕಟ್ಟಿದವನು ಅವನೇ. ಅಕ್ಕನ ವಯಸ್ಸಿನವಳೆಂದು ಅವಳನ್ನು ಊರ ರೂಢಿಯಂತೆ ಮನಾಂಗ್ ಎಂದೇ ಕರೆಯುತ್ತಿದ್ದ; ಅವಳಿಗೆ ಅವನು ತೊತೊ, ಅಂದರೆ ತಮ್ಮ. “‘ಅತ್ತೆ ಬಂದ್ರು, ಜ್ವರ ಬಂತು.’ ಇದಕ್ಕೆ ಏನು ಬಣ್ಣ?”

“ಮದುವೆ ಆಗು ತೊತೊ, ಆಮೇಲೆ ನೀನೇ ಹೇಳ್ತೀಯ ಬಣ್ಣ.”

ಹೀಗೆ ನಗುತ್ತಲೇ ಕೆಲಸ ಸಾಗುತ್ತಿತ್ತು. ಒಂದು ಕಟ್ಟಳೆ ಮಾತ್ರ ಗಟ್ಟಿಯಾಗಿತ್ತು: ಬರೆದವರು ಯಾರೆಂದು ಹುಡುಕಬಾರದು, ಅವರ ಮನೆಗೆ ಹೋಗಬಾರದು, ಅವರಿಗೆ ಬರೆಯಬಾರದು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮೀನು ಮಾರುವ ಹೆಂಗಸೊಬ್ಬಳ ಹೆಸರು ಹೇಗೋ ಹೊರಬಿದ್ದು, ಅವಳ ಮನೆಗೆ ಹೊಗೆ ಹೊಡೆಯುವವರು ಬಂದದ್ದನ್ನು ಬೀದಿಯೆಲ್ಲ ನೋಡಿತ್ತು. ಡೆಂಗಿ ಮುಟ್ಟಿದರೆ ಅಂಟುವ ರೋಗವಲ್ಲವೆಂದು ಎಷ್ಟು ಹೇಳಿದರೂ ಜನ ಅವಳ ಬುಟ್ಟಿಯ ಮೀನು ಮುಟ್ಟಲಿಲ್ಲ. ಕೊನೆಗೆ ಆಕೆ ಮಕ್ಕಳನ್ನು ಕಟ್ಟಿಕೊಂಡು ಬೇರೆ ದ್ವೀಪಕ್ಕೆ ಹೋದಳು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ಪಾಲ್ಮಾರೆಸ್ ತಾವೇ ಬಂದರಿಗೆ ಹೋಗಿ, ದೋಣಿ ಬಿಡುವ ಮೊದಲು ಅವಳ ಕ್ಷಮೆ ಕೇಳಿದ್ದರು. “ಅವಳು ನನ್ನ ಮುಖ ಸಹ ನೋಡ್ಲಿಲ್ಲ,” ಎಂದಷ್ಟೇ ಹೇಳಿದ್ದರು ಮರಳಿ ಬಂದು.

ಹೆಸರಿಲ್ಲದಿದ್ದರೂ ಓದುತ್ತಾ ಓದುತ್ತಾ ನೆಲಿದಾಳಿಗೆ ಕೆಲವರ ಗುರುತು ಹತ್ತಿಬಿಟ್ಟಿತ್ತು. ದನಿ ಕೇಳಿ ಮುಖ ಊಹಿಸಿದಂತೆ. ಸಾನ್ ರೋಕೆ ಕೇರಿಯ ಒಬ್ಬನಿದ್ದ. ವಿಡಿಯೋಕೆ ಪೆಟ್ಟಿಗೆ ಬಾಡಿಗೆಗೆ ಕೊಡುವವನು. ಹುಟ್ಟುಹಬ್ಬ, ನಾಮಕರಣ, ಯಾವುದಿದ್ದರೂ ಆ ಊರಿನಲ್ಲಿ ಜನ ಪೆಟ್ಟಿಗೆಗೆ ನಾಣ್ಯ ಹಾಕಿ, ತೆರೆಯ ಮೇಲಿನ ಸಾಲು ನೋಡಿಕೊಂಡು, ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಇವನು ಆ ಪೆಟ್ಟಿಗೆಯನ್ನು ಮೂರು ಗಾಲಿಯ ಗಾಡಿಯಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವವನು. ಅವನ ಹೆಂಡತಿ ಹಾಂಕಾಂಗಿನಲ್ಲಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳುತ್ತಿದ್ದಳು. ತನ್ನ ಮಗಳ ಸುದ್ದಿ ಅವಳಿಗೆ ಮುಟ್ಟಲೆಂದೇ ಇವನು ದಿನವೂ ಬರೆಯುತ್ತಿದ್ದ. ಮಗಳಿಗೆ ಅವನ ಮಾತಿನಲ್ಲಿ ‘ಮಹಾರಾಣಿ’ ಎಂದೇ ಹೆಸರು.

‘ಮಹಾರಾಣಿಯವರಿಗೆ ಜ್ವರ. ಇಂದಿನ ದರ್ಬಾರು ರದ್ದು,’ ಎಂದು ಬರೆದಾಗ ಕಂಪ್ಯೂಟರು ಅದನ್ನು ರಾಜಕೀಯವೆಂದು ತಿಳಿದು ಬದಿಗೆ ಎಸೆದಿತ್ತು. ನೆಲಿದಾ ಎತ್ತಿಕೊಂಡು ಬಂದು ಕೆಂಪು ಚುಕ್ಕೆ ಇಟ್ಟಳು.

ಮರುದಿನ: ‘ತವಾ-ತವಾ ಸೊಪ್ಪಿನ ಕಷಾಯ ಮಾಡಿ ಕೊಟ್ಟೆ. ಮಹಾರಾಣಿಯವರು ರುಚಿ ನೋಡಿ, ಅಪ್ಪಾ ನೀನೇ ಕುಡಿ, ನಿನಗೂ ಒಳ್ಳೇದು ಅಂದರು.’ ಅದರ ಮರುದಿನ: ‘ಕಾಲು ನೋವಂತೆ. ಒತ್ತುವ ಸೇವಕ ನಾನೇ. ಗ್ಲೆಂಡಾ, ನಿನ್ನ ಮಗಳು ನಿನ್ನ ಹಾಗೇ, ಜ್ವರದಲ್ಲೂ ಅಪ್ಪಣೆ ಮಾಡ್ತಾಳೆ.’

“ನಿಮ್ಮ ಹಾಡಿನವನು ಇವತ್ತು ಏನಂದ?” ಎಂದು ಶೆರ್ವಿನ್ ಕೇಳುವಷ್ಟು ಅವನು ಅವರಿಬ್ಬರಿಗೆ ಪರಿಚಿತನಾಗಿಬಿಟ್ಟ. ಸಾನ್ ರೋಕೆಯಲ್ಲಿ ಆ ವಾರ ಕೆಂಪು ಚುಕ್ಕೆಗಳು ಅಕ್ಕಿ ಚೆಲ್ಲಿದಂತೆ ಬಿದ್ದಿದ್ದವು. ಹೊಗೆ ಹೊಡೆಯುವವರು ಹೋಗಿ ಬಂದಿದ್ದರು. ತಮ್ಮ ಕೆಲಸ ಸರಿಯಾಗಿ ನಡೆದಿದೆ ಎಂದುಕೊಂಡರು ಎಲ್ಲರೂ.

ಗುರುವಾರ ಬೆಳಿಗ್ಗೆ ನೆಲಿದಾ ಬ್ರೆಡ್ಡನ್ನು ಕಾಫಿಗೆ ಅದ್ದಿ ತಿನ್ನುತ್ತಾ ತೆರೆ ನೋಡಿದಳು. ಅವನ ಮಾತು ಬಂದಿತ್ತು.

‘ಜ್ವರ ಇಳೀತು! ದೇವರು ದೊಡ್ಡವನು. ಮಹಾರಾಣಿಯವರು ಈಗ ಸಿಹಿ ಸ್ಪಗೆಟ್ಟಿ ಬೇಕು ಅಂತ ಹಟ ಹಿಡಿದಿದ್ದಾರೆ. ಗ್ಲೆಂಡಾ, ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು.’

ಅದರ ಕೆಳಗೆ ಇನ್ನೂರಕ್ಕೂ ಮಿಕ್ಕಿ ಜನ ಹೃದಯದ ಗುರುತು ಒತ್ತಿದ್ದರು. ನೆಲಿದಾಳ ಮುಖವೂ ಅರಳಿತು. ಕಂಪ್ಯೂಟರು ಆಗಲೇ ಹಸಿರು ಚುಕ್ಕೆ ಇಟ್ಟಿತ್ತು. ಅವಳು ಬ್ರೆಡ್ಡಿನ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ಮೊದಲ ಸಾಲನ್ನು ಇನ್ನೊಮ್ಮೆ ಓದಿದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾಕ್ಟರ್ ಪಾಲ್ಮಾರೆಸ್ ಅವರೇ ಕೂರಿಸಿಕೊಂಡು ಹೇಳಿದ್ದರು. ಡೆಂಗಿಯಲ್ಲಿ ಜ್ವರ ಇದ್ದಾಗಿನಕ್ಕಿಂತ ಅದು ಇಳಿಯುವಾಗಲೇ ಹೆಚ್ಚು ಅಪಾಯ. ಬಹಳಷ್ಟು ಮಕ್ಕಳು ಎದ್ದು ಆಟಕ್ಕೆ ಹೋಗುತ್ತಾರೆ. ಕೆಲವರಿಗೆ ಮಾತ್ರ ಆ ಹೊತ್ತಿನಲ್ಲೇ ರಕ್ತನಾಳದೊಳಗಿನ ನೀರು ಹೊರಗೆ ಸೋರಿ, ಕೈಕಾಲು ತಣ್ಣಗಾಗಿ, ಮೈ ಒಳಗೊಳಗೇ ಕುಸಿಯುತ್ತದೆ. ಮನೆಯವರು ಜ್ವರ ಬಿಟ್ಟಿತೆಂದು ನಗುತ್ತಿರುತ್ತಾರೆ.

“ತೊತೊ, ಇದು ಹಸಿರಲ್ಲ.”

ಶೆರ್ವಿನ್ ಬಗ್ಗಿ ನೋಡಿದ. “ಜ್ವರ ಹೋಯ್ತು ಅಂತ ಅವನೇ ಹೇಳ್ತಿದಾನಲ್ಲ.”

“ಅದಕ್ಕೇ ಹೇಳ್ತಿರೋದು. ಹೆಸರು ತೆಗೆಯೋಕೆ ಆಗತ್ತಾ?”

“ನಂಗೆ ಆಗಲ್ಲ ಮನಾಂಗ್. ಹೆಸರಿಟ್ಟ ಕಡತದ ಬೀಗದ ಕೈ ಡಾಕ್ಟ್ರ ಹತ್ರ ಮಾತ್ರ. ಬೇಕು ಅಂತಲೇ ಹಾಗೆ ಮಾಡಿಟ್ಟಿದೀವಿ.”

ಡಾಕ್ಟರ್ ಪಾಲ್ಮಾರೆಸ್ ಮಂಡಳಿಯ ಸಭೆಗೆ ಹೊರಟು ಮೆಟ್ಟಿಲ ಹತ್ತಿರ ನಿಂತಿದ್ದರು. ನೆಲಿದಾ ಹೇಳಿದ್ದನ್ನು ಪೂರ್ತಿ ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನೂ ಅದರಲ್ಲಿರಲಿಲ್ಲ. ಕೈಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದರು.

“ಇವನೊಬ್ಬನೇ ಅಲ್ಲ ನೆಲಿ. ಇವತ್ತು ಒಂದೇ ದಿನ ಇಂಥದ್ದು ಎಷ್ಟು ಬಂದಿವೆ ಗೊತ್ತಾ? ಎಲ್ಲರ ಹೆಸರು ತೆಗೆದು ಮನೆ ಮನೆಗೆ ಹೋದ್ರೆ, ನಾಳೆಯಿಂದ ಒಬ್ಬರೂ ಬರೆಯಲ್ಲ. ಆಗ ನಾವು ಎರಡೂ ಕಣ್ಣು ಕಳ್ಕೋತೀವಿ.”

“ಡಾಕ್ಟ್ರೇ, ಇದು ಚಿಕ್ಕ ಹುಡುಗಿ.”

“ಗೊತ್ತು.” ಅವರು ಚೀಲದಿಂದ ಫೋನು ತೆಗೆದರು. “ಹೀಗೆ ಮಾಡೋಣ. ಸಾನ್ ರೋಕೆಯ ಆರೋಗ್ಯ ಕಾರ್ಯಕರ್ತೆಯರನ್ನ ಇವತ್ತೇ ಕಳಿಸ್ತೀನಿ. ಜ್ವರ ಇಳಿದ ಮಕ್ಕಳಿರೋ ಎಲ್ಲಾ ಮನೆಗೂ ಹೋಗಲಿ, ಮೈಕಲ್ಲೂ ಕೂಗಲಿ. ಹೆಸರು ಬೇಡ. ಅವನ ಮನೆಯೂ ಅದರಲ್ಲಿ ಬರತ್ತೆ.”

ಅದು ನ್ಯಾಯವಾದ ಮಾತೇ ಆಗಿತ್ತು. ನೆಲಿದಾ ತಲೆಯಾಡಿಸಿ ಬಂದು ಕುಳಿತಳು.

ಮಧ್ಯಾಹ್ನ ಕಾರ್ಯಕರ್ತೆಯರು ಮಳೆಯಲ್ಲೇ ಹೋದರು. ಸಂಜೆ ಅವರ ಹಿರಿಯಳು, ಲೂರಿಂಗ್ ಎಂಬಾಕೆ, ಫೋನು ಮಾಡಿ ಕೇರಿಯ ಸುದ್ದಿಯೆಲ್ಲ ಹೇಳಿದಳು. ಇಬ್ಬರು ಮಕ್ಕಳನ್ನು ಆಸ್ಪತ್ರೆಗೆ ಕಳಿಸಿದ್ದರು. ನೆಲಿದಾ ತಡೆಯಲಾರದೆ ಕೇಳಿಯೇಬಿಟ್ಟಳು: “ವಿಡಿಯೋಕೆ ಬಾಡಿಗೆ ಕೊಡೋನು ಒಬ್ಬ ಇದಾನಲ್ಲ, ಆ ಮನೆ?”

“ಓ, ರೋಡೆಲ್ ಮನೆ. ಹೋಗಿದ್ವಿ. ಅವನು ಪೆಟ್ಟಿಗೆ ಇಳಿಸೋಕೆ ಹೋಗಿದ್ದ. ಹುಡುಗಿ ನಿದ್ದೆ ಮಾಡ್ತಿದ್ಲು. ಪಕ್ಕದ ಮನೆ ಅಜ್ಜಿ ಕೂತಿದ್ಲು, ಜ್ವರ ಬಿಟ್ಟಿದೆ, ನಾಲ್ಕು ರಾತ್ರಿ ನಿದ್ದೆ ಇಲ್ಲದೆ ಈಗ ಮಲಗಿದೆ, ಎಬ್ಬಿಸಬೇಡ್ರಮ್ಮ ಅಂದ್ಲು. ಹೊಟ್ಟೆನೋವು, ವಾಂತಿ ಏನಾದ್ರೂ ಆದ್ರೆ ತಕ್ಷಣ ಕರ್ಕೊಂಡು ಬನ್ನಿ ಅಂತ ಹೇಳಿ ಬಂದ್ವಿ.”

“ಮೈ ಮುಟ್ಟಿ ನೋಡಿದ್ರಾ?”

“ಅಜ್ಜಿ ಬಾಗಿಲಲ್ಲೇ ಕೂತಿದ್ಲು ಮನಾಂಗ್. ಬೆರಳು ತುಟಿ ಮೇಲಿಟ್ಕೊಂಡು.”

ಲೂರಿಂಗಳದ್ದು ತಪ್ಪೆನ್ನುವಂತಿರಲಿಲ್ಲ. ಬಳಲಿ ಮಲಗಿದ ಕೂಸನ್ನು ಯಾರು ತಾನೇ ಎಬ್ಬಿಸಿಯಾರು?

ಶುಕ್ರವಾರ ನೆಲಿದಾ ಎಲ್ಲರಿಗಿಂತ ಮೊದಲೇ ಕಚೇರಿಗೆ ಬಂದಳು. ಛತ್ರಿ ಮಡಿಸುವುದನ್ನೂ ಬಿಟ್ಟು ತೆರೆ ತೆರೆದಳು.

‘ಮಹಾರಾಣಿಯವರಿಗೆ ಹೊಟ್ಟೆನೋವು. ಸ್ಪಗೆಟ್ಟಿ ತಂದ ಸೇವಕನದೇ ತಪ್ಪಂತೆ. ಎರಡು ತುತ್ತು ತಿಂದು ಎಲ್ಲಾ ವಾಂತಿ. ಈಗ ಮತ್ತೆ ನಿದ್ದೆ. ಇನ್ನು ಮೇಲೆ ಗಂಜಿಯೇ ಗತಿ, ರಾಣಿಯಾದರೇನು!’

ಕೊನೆಯಲ್ಲಿ ನಗುವ ಮುಖವೊಂದಿತ್ತು. ಜ್ವರದ ಮಾತೇ ಇಲ್ಲವಾದ್ದರಿಂದ ಕಂಪ್ಯೂಟರು ಅದಕ್ಕೆ ಚುಕ್ಕೆಯನ್ನೇ ಇಟ್ಟಿರಲಿಲ್ಲ. ಅವನ ಹಳೆಯ ಮಾತುಗಳ ಜೊತೆಗೆ ತಂದು ಸುಮ್ಮನೆ ಸೇರಿಸಿತ್ತು.

ನೆಲಿದಾ ಅದೇ ಛತ್ರಿ ಹಿಡಿದು ಎದ್ದಳು. ಶೆರ್ವಿನ್ ಬಾಗಿಲಲ್ಲಿ ಎದುರಾದ. “ಎಲ್ಲಿಗೆ ಮನಾಂಗ್, ಈಗ ಬಂದು ಈಗಲೇ?”

“ಸಾನ್ ರೋಕೆಗೆ. ಹೆಸರು ಯಾರು ಕೇಳಿದ್ರು? ವಿಡಿಯೋಕೆಯವನ ಮನೆ ಎಲ್ಲಿ ಅಂದ್ರೆ ನಾಯಿಮರಿನೂ ತೋರಿಸತ್ತೆ. ಡಾಕ್ಟ್ರಿಗೆ ಫೋನ್ ಮಾಡು. ನಾನು ಹೋದೆ ಅಂತ ಹೇಳು, ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿಗೆ ತಿಳಿಸೋಕೂ ಹೇಳು.”

ಜೀಪ್ನಿ ಗಾಡಿ ನೀರು ನಿಂತ ರಸ್ತೆಯಲ್ಲಿ ಆಮೆಯಂತೆ ಸಾಗಿತು. ಹತ್ತುವವರು ಹತ್ತುತ್ತಿದ್ದರು, ಇಳಿಯುವವರು ಇಳಿಯುತ್ತಿದ್ದರು, ಎದುರಿನ ಹೆಂಗಸು ತನ್ನ ಕೋಳಿಯನ್ನು ನೆಲಿದಾಳ ಕಾಲ ಬಳಿ ಇಟ್ಟು ಕ್ಷಮೆ ಕೇಳಿದಳು. ಕೇರಿಯ ತಿರುವಿನಲ್ಲಿ ಇಳಿದು, ಹಲಗೆ ಹಾಸಿದ ಓಣಿಯಲ್ಲಿ ನೆಲಿದಾ ಓಡಿದಳು. ಓಡುವ ವಯಸ್ಸು ದಾಟಿತ್ತು. ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಮುಂದೆ ಪ್ಲಾಸ್ಟಿಕ್ ಹೊದಿಸಿದ ಹಾಡಿನ ಪೆಟ್ಟಿಗೆಗಳು ನಿಂತಿದ್ದವು.

ರೋಡೆಲ್ ಅವಳು ಊಹಿಸಿದ್ದಕ್ಕಿಂತ ಚಿಕ್ಕವನು, ಕೋಲಿನಂಥ ಮೈ. ಒಲೆಯ ಮುಂದೆ ಗಂಜಿ ಕದಡುತ್ತಿದ್ದ. “ಬಾಡಿಗೆಗೆ ಬೇಕಿತ್ತಾ ಮನಾಂಗ್? ನಾಳೆಗಾದ್ರೆ ದೊಡ್ಡದು ಖಾಲಿ ಇದೆ,” ಎಂದ.

“ಮಗು ಎಲ್ಲಿ?”

ಅವನು ಸೌಟು ಹಿಡಿದೇ ನಿಂತ. ನೆಲಿದಾ ಅವನನ್ನು ದಾಟಿ ಒಳಗೆ ಹೋದಳು. ಚಾಪೆಯ ಮೇಲೆ ಏಳು ವರ್ಷದ ಹುಡುಗಿ. ಮಿರಾಸೋಲ್ ಅವಳ ಹೆಸರು. ಅದು ಆಮೇಲೆ ತಿಳಿದದ್ದು. ಕಣ್ಣು ಅರೆತೆರೆದಿತ್ತು. ತುಟಿ ಬಿಳುಪು. ನೆಲಿದಾ ಕೈ ಹಿಡಿದಳು. ಬಾವಿಯಿಂದ ಆಗತಾನೆ ಎತ್ತಿದ ಹಗ್ಗದಂತೆ ತಣ್ಣಗೆ, ಒದ್ದೆ.

“ಜ್ವರ ಬಿಟ್ಟಿದೆ,” ಎಂದ ರೋಡೆಲ್ ಹಿಂದಿನಿಂದ. ಅವನ ದನಿ ಸಣ್ಣಗಾಗಿತ್ತು. “ನಿನ್ನೆಯಿಂದ ಜ್ವರ ಇಲ್ಲ.”

“ಗಾಡಿ ತೆಗಿ ತಮ್ಮ. ಏನೂ ಕೇಳಬೇಡ, ಗಾಡಿ ತೆಗಿ.”

ಪೆಟ್ಟಿಗೆ ಸಾಗಿಸುವ ಆ ಮೂರು ಗಾಲಿಯ ಗಾಡಿಯಲ್ಲೇ ಹೋದರು. ನೆಲಿದಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಿದ್ದಳು. ಮಳೆಗೆ ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿದಿದ್ದಳು. ದಾರಿಯಲ್ಲಿ ಒಂದು ಸಲ ಹುಡುಗಿ ಕಣ್ಣು ಬಿಟ್ಟು ಅಪರಿಚಿತ ಮುಖವನ್ನು ನೋಡಿದಳು.

“ನೀವ್ಯಾರು?”

“ನಾನು ನೆಲಿ.”

“ಮಮ್ಮಿ ಕಳಿಸಿದ್ದಾ?”

“ಹೂಂ ಕಂದ. ಮಮ್ಮಿನೇ ಕಳಿಸಿದ್ದು.”

ಹುಡುಗಿ ಅದನ್ನು ನಂಬಿದಳು. ಕಣ್ಣು ಮುಚ್ಚಿಕೊಂಡಳು. ಕೋರ್ಟಿನಲ್ಲಿ ಅಷ್ಟು ವರ್ಷ ಇನ್ನೊಬ್ಬರ ಮಾತನ್ನು ಒಂದಕ್ಷರ ತಪ್ಪದೆ ಹೇಳಿದ ನೆಲಿದಾಳ ಬಾಯಿಂದ ಆ ಸುಳ್ಳು ತಡವರಿಸದೆ ಬಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ಮಾರೆಸ್ ಮೊದಲೇ ಬಂದು ಕಾಯುತ್ತಿದ್ದರು. ಮಗುವನ್ನು ಕೈಯಿಂದ ಕೈಗೆ ಎತ್ತಿಕೊಂಡು ಒಳಗೆ ಓಡಿದರು. ಸೂಜಿ ಸಿಗಿಸಲು ನರ ಸಿಗದೆ ಪರದಾಡಿದರು. ಹೇಗೋ ಸಿಕ್ಕಿ ನೀರು ಏರಿತು, ಮಧ್ಯಾಹ್ನದ ಹೊತ್ತಿಗೆ ನಾಡಿ ಸ್ವಲ್ಪ ತೋರಿತು ಎಂದರು. ರೋಡೆಲ್ ಗೋಡೆಗೊರಗಿ ನಿಂತಿದ್ದವನು ಅದನ್ನು ಕೇಳಿ ಬೆಂಚಿನ ಮೇಲೆ ಕುಳಿತ. ನೆಲಿದಾ ಕಾಫಿ ತಂದು ಕೈಗಿಟ್ಟಳು. ಆಗ ಅವನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ.

“ಮನಾಂಗ್, ನೀವು ನಮ್ಮ ಕೇರಿಯವರಲ್ಲ.”

“ಅಲ್ಲ.”

“ಗ್ಲೆಂಡಾಳಿಗೆ ಪರಿಚಯಾನಾ?”

“ಅಲ್ಲ ತಮ್ಮ.”

“ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?”

ಅವಳು ಹೇಳಿದಳು. ಕಂಪ್ಯೂಟರು, ನಕ್ಷೆ, ಚುಕ್ಕೆ, ಹೆಸರು ಅಳಿಸುವುದು, ತಾನು ಓದುವುದು. ಅವನು ಗಮನವಿಟ್ಟು ಕೇಳಿದ. ಕೋಪಗೊಳ್ಳಲಿಲ್ಲ. ಅರ್ಥ ಮಾಡಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿಕೊಂಡಿದ್ದ.

“ಅಂದ್ರೆ ಜ್ವರ ಬಂದಾಗಿಂದ ಓದ್ತಿದ್ರಿ.”

“ಹೌದು.”

“ನಿನ್ನೆದೂ?”

“ನಿನ್ನೆದೂ.”

“ಜ್ವರ ಇಳಿದ್ರೆ ಕೆಟ್ಟದ್ದು ಅಂತ ನಿನ್ನೆನೇ ಗೊತ್ತಿತ್ತು ನಿಮಗೆ.”

ಕಾರ್ಯಕರ್ತೆಯರನ್ನು ಕಳಿಸಿದ್ದನ್ನು, ಬಾಗಿಲಲ್ಲಿ ಕುಳಿತ ಅಜ್ಜಿಯನ್ನು, ಮೀನಿನ ಹೆಂಗಸನ್ನು, ಎಲ್ಲವನ್ನೂ ಹೇಳಬಹುದಿತ್ತು. “ಗೊತ್ತಿತ್ತು,” ಎಂದಷ್ಟೇ ಹೇಳಿದಳು.

ರೋಡೆಲ್ ಕಾಫಿಯ ಲೋಟವನ್ನು ನೆಲದ ಮೇಲೆ ಮೆಲ್ಲಗಿಟ್ಟ. “ನಂಗೆ ಗೊತ್ತಿರ್ಲಿಲ್ಲ,” ಎಂದ. “ನಾನು ಸ್ಪಗೆಟ್ಟಿ ತರೋಕೆ ಹೋದೆ.”

ಸಂಜೆಯ ಹೊತ್ತಿಗೆ ಮಗುವಿನ ಮೂಗಿನಿಂದ, ಒಸಡಿನಿಂದ ರಕ್ತ ಒಸರತೊಡಗಿತು. ರಕ್ತ ಕೊಡಲು ಕೇರಿಯ ಜನ ಸಾಲುಗಟ್ಟಿ ಬಂದರು. ನಡುರಾತ್ರಿಗೆ ಮೊದಲೇ ಎಲ್ಲ ಮುಗಿದುಹೋಯಿತು. ಡಾಕ್ಟರ್ ಪಾಲ್ಮಾರೆಸ್ ಹೊರಗೆ ಬಂದಾಗ ಅವರ ಮುಖ ನೋಡಿಯೇ ರೋಡೆಲ್ ಎದ್ದು ನಿಂತ. ಅವರು ಬಾಯಿ ತೆರೆಯುವ ಮೊದಲು ಅವನೇ ಕೇಳಿದ: “ಅವಳ ಅಮ್ಮನಿಗೆ ಯಾರು ಹೇಳ್ತೀರಿ? ನನ್ನ ಕೈಲಾಗಲ್ಲ.”

ಹಾಂಕಾಂಗಿಗೆ ಫೋನು ಮಾಡಿದ್ದು ಡಾಕ್ಟರೇ. ಆ ಕಡೆಯಿಂದ ಬಂದ ಕೂಗು ಮೊಗಸಾಲೆಯ ತುದಿಯವರೆಗೂ ಕೇಳಿಸಿತು.

ಊರ ರೂಢಿಯಂತೆ ಶವವನ್ನು ಬಿಳಿ ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಟ್ಟು ಜಾಗರಣೆ ಕೂತರು. ಓಣಿಗೆ ಚಪ್ಪರ ಹಾಕಿ, ಕುರ್ಚಿ ಇಟ್ಟು, ಬಂದವರಿಗೆಲ್ಲ ಕಾಫಿ, ಬಿಸ್ಕತ್ತು ಕೊಡುತ್ತಿದ್ದರು. ಹಾಡಿನ ಪೆಟ್ಟಿಗೆಗಳನ್ನು ಯಾರೋ ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟಿದ್ದರು. ಹೋಗಬೇಕೋ ಬೇಡವೋ ಎಂದು ನೆಲಿದಾ ಎರಡು ದಿನ ತೊಳಲಾಡಿದಳು. ಕೊನೆಗೆ ಹೋದಳು. ಲೂರಿಂಗ್ ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನೆಲಿದಾಳನ್ನು ನೋಡಿ ತಲೆ ತಗ್ಗಿಸಿದಳು. ಪಕ್ಕದ ಮನೆಯ ಅಜ್ಜಿ ಬಿಳಿ ಪೆಟ್ಟಿಗೆಯ ತಲೆಯ ಬಳಿ ಕುಳಿತು, ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದಳು: “ನಿದ್ದೆ ಬಂದಿತ್ತಮ್ಮ ಅದಕ್ಕೆ. ನಿದ್ದೆ ಅಂತಲೇ ನಾನು ತಿಳ್ಕೊಂಡೆ.”

ಗ್ಲೆಂಡಾ ಹಿಂದಿನ ದಿನ ಬಂದಿಳಿದಿದ್ದಳು. ಬಂದಾಗ ಉಟ್ಟ ಬಟ್ಟೆಯಲ್ಲೇ ಇದ್ದಳು. ಎರಡು ವರ್ಷದಿಂದ ಮಗಳನ್ನು ಮುಟ್ಟಿರದ ತಾಯಿ, ಗಾಜಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು. ನೆಲಿದಾ ಯಾರೆಂದು ಯಾರೋ ಕಿವಿಯಲ್ಲಿ ಹೇಳಿದರು. ಗ್ಲೆಂಡಾ ಎದ್ದು ಬಂದು ಅವಳ ಮುಂದಿನ ಕುರ್ಚಿಯಲ್ಲಿ ಕುಳಿತಳು. ಬೈಗುಳಕ್ಕೆ ನೆಲಿದಾ ಸಿದ್ಧಳಾಗಿದ್ದಳು. ಬೈದರೆ ಹಗುರಾದೀತೆಂದೂ ಅನಿಸಿತ್ತು.

“ಮನಾಂಗ್, ಅವನು ಬರೆದಿದ್ದೆಲ್ಲಾ ನಿಮ್ಮ ಹತ್ರ ಇದೆಯಂತೆ, ಹೌದಾ?”

“ಇದೆ. ಹೆಸರಿಲ್ಲದೆ.”

“ನಂಗೆ ಬೇಕು.” ಅವಳ ದನಿ ಒಡೆದ ಮಡಕೆಯಂತಿತ್ತು. “ಅವಳು ಹೋದ ದಿನವೇ ಇವನು ಎಲ್ಲಾ ಅಳಿಸಿಬಿಟ್ಟಿದಾನೆ. ಒಂದೂ ಉಳಿಸಿಲ್ಲ. ನನ್ನ ಮಗಳ ಕೊನೇ ವಾರ ನಾನು ನೋಡಿದ್ದು ಅದರಲ್ಲಿ ಮಾತ್ರ. ಆ ಮನೆ ಕೂಸಿಗೆ ಹಾಲು ಕುಡಿಸ್ತಾ, ಒಂದು ಕೈಲಿ ಫೋನ್ ಹಿಡ್ಕೊಂಡು ಓದಿದ್ದೆ. ಕಷಾಯ ಕುಡಿಯೋಕೆ ಏನೋ ಅಂದ್ಲಲ್ಲ ಅವಳು, ಏನಂದ್ಲು? ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ.”

“ಅಪ್ಪಾ ನೀನೇ ಕುಡಿ, ನಿನಗೂ ಒಳ್ಳೇದು,” ಎಂದಳು ನೆಲಿದಾ.

ಗ್ಲೆಂಡಾ ಬಾಯಿಗೆ ಸೆರಗಿನಂತೆ ಟವೆಲು ಒತ್ತಿಕೊಂಡಳು.

ಮರುದಿನ ನೆಲಿದಾ ಡಾಕ್ಟರ ಕೋಣೆಗೆ ಹೋದಳು. ಡಾಕ್ಟರ್ ಪಾಲ್ಮಾರೆಸ್ ಸಾನ್ ರೋಕೆಯ ನಕ್ಷೆ ಹರಡಿಕೊಂಡು ಕುಳಿತಿದ್ದರು. ವಿಷಯ ಕೇಳಿ ತಲೆಯೆತ್ತಿದರು.

“ಕೊಡಬಾರದು ಅಂತ ಕಟ್ಟಳೆ ಇದೆ.”

“ಗೊತ್ತು ಡಾಕ್ಟ್ರೇ.”

“ಆ ಕಟ್ಟಳೆ ಬರೆದವಳೂ ನಾನೇ. ಈಗಲೂ ಅದು ತಪ್ಪು ಅಂತ ನಂಗೆ ಅನಿಸಲ್ಲ ನೆಲಿ. ಅದೇ ಕಷ್ಟ.” ಕಿಟಕಿಯಾಚೆ ಮಳೆ ಹೊಯ್ಯುತ್ತಿತ್ತು. ಅವರು ಮೇಜಿನ ಖಾನೆಯಿಂದ ಬೀಗದ ಕೈ ತೆಗೆದರು. “ಆದ್ರೆ ಅದು ಅವರದೇ ಮಾತು. ಅವರ ಮಾತು ಅವರಿಗೆ ಕೊಡಬೇಡ ಅನ್ನೋಕೆ ನಾನ್ಯಾರು? ಶೆರ್ವಿನ್‌ಗೆ ಹೇಳು, ಹೃದಯ ಒತ್ತಿದವರದ್ದೆಲ್ಲ ಬೇಡ, ಅವನು ಬರೆದಿದ್ದಷ್ಟೇ ತೆಗೆಯಲಿ.”

ಶೆರ್ವಿನ್ ತೆಗೆದುಕೊಟ್ಟ. ಈ ಸಲದ್ದು ಮಾತ್ರವಲ್ಲ, ಹಿಂದಿನ ಮಳೆಗಾಲದಲ್ಲಿ ಹುಡುಗಿಗೆ ನೆಗಡಿ ಜ್ವರ ಬಂದಾಗ ಅಪ್ಪ ಬರೆದದ್ದೂ ಸಿಕ್ಕಿತು. ಯಾವ ಹಾಸ್ಯವೂ ಇಲ್ಲದೆ ಕಾಗದಗಳನ್ನು ಜೋಡಿಸಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೆಲಿದಾಳ ಕೈಗಿಟ್ಟ. “ಆ ಹಸಿರು ಬಣ್ಣ ತೆಗೆದುಹಾಕಿದೀನಿ ಮನಾಂಗ್,” ಎಂದ. “ಇನ್ನು ನಕ್ಷೆಯಲ್ಲಿ ಹಸಿರು ಇರಲ್ಲ.”

ಚಪ್ಪರದ ಕೆಳಗೆ ಗ್ಲೆಂಡಾ ಆ ಹಾಳೆಗಳನ್ನು ಒಂದೊಂದಾಗಿ ಓದಿದಳು. ನಡುನಡುವೆ ನಕ್ಕಳು. ದರ್ಬಾರು ರದ್ದಾದಾಗ ನಕ್ಕಳು, ಕಷಾಯಕ್ಕೆ ನಕ್ಕಳು, ಸುತ್ತ ಕುಳಿತವರು ಬೆಚ್ಚಿ ನೋಡುವ ಹಾಗೆ. ಜ್ವರ ಇಳಿದ ದಿನದ ಹಾಳೆ ಬಂದಾಗ ಅವಳ ಬೆರಳು ನಿಂತಿತು.

“‘ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು,’” ಎಂದು ಓದಿದಳು. “ಮಾಡಿದೆ ಮನಾಂಗ್. ಅವತ್ತು ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ. ಮೊದಲು ಹೃದಯ ಒತ್ತಿದವಳೇ ನಾನು.”

ನೆಲಿದಾ ಅವಳ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ರೋಡೆಲ್ ಬಂದ. ಗ್ಲೆಂಡಾ ಬಂದಾಗಿನಿಂದ ಅವನು ಹೆಂಡತಿಯ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದನೆಂದು ಲೂರಿಂಗ್ ಹೇಳಿದ್ದಳು. ಹಾಳೆಗಳನ್ನು ನೋಡಿ ಹಿಂದೆ ಸರಿಯುತ್ತಾನೆಂದು ನೆಲಿದಾ ಹೆದರಿದಳು. ಅವನು ನಿಂತೇ ಇದ್ದ. ಆಮೇಲೆ ಹೆಂಡತಿಯ ಪಕ್ಕದಲ್ಲಿ ನೆಲಕ್ಕೆ ಕುಳಿತು, ಒಂದು ಹಾಳೆ ಎಳೆದುಕೊಂಡ.

“ಇಲ್ಲಿ ಪೂರ್ತಿ ಬರೆದಿಲ್ಲ ನಾನು,” ಎಂದ ತಗ್ಗಿದ ದನಿಯಲ್ಲಿ. “ಕಾಲು ಒತ್ತುವಾಗ ಅವಳು ಹಾಡು ಹೇಳು ಅಂದ್ಲು. ನಾನು ಹೇಳಿದೆ. ನಿಂಗೆ ನೂರಕ್ಕೆ ನಲವತ್ತು ಅಂಕ ಅಂದ್ಲು. ಮಮ್ಮಿ ಹೇಳಿದ್ರೆ ತೊಂಬತ್ತಂತೆ.”

“ಯಾವ ಹಾಡು?” ಎಂದಳು ಗ್ಲೆಂಡಾ.

ಅವನು ಹೇಳತೊಡಗಿದ. ಇವಳು ಕೇಳತೊಡಗಿದಳು. ಇಬ್ಬರೂ ಅಳುತ್ತಿದ್ದರು, ಆದರೆ ಮಾತು ನಿಲ್ಲಲಿಲ್ಲ. ನೆಲಿದಾ ಸದ್ದಿಲ್ಲದೆ ಎದ್ದು, ಬಿಳಿ ಪೆಟ್ಟಿಗೆಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು, ಛತ್ರಿ ಬಿಚ್ಚಿ ಹೊರಟಳು.

ಮಗುವನ್ನು ಮಣ್ಣು ಮಾಡಿದ ಮೇಲೆ ಗ್ಲೆಂಡಾ ಕೆಲಸದ ಕರಾರು ಮುಗಿಸಲು ಹಾಂಕಾಂಗಿಗೆ ಮರಳಿದಳು. ಆ ಮನೆಯ ಕೂಸು ಅವಳಿಲ್ಲದೆ ಊಟ ಮಾಡುತ್ತಿರಲಿಲ್ಲವಂತೆ. ರೋಡೆಲ್ ಪೆಟ್ಟಿಗೆಗಳನ್ನು ತಮ್ಮನಿಗೆ ಒಪ್ಪಿಸಿ ದೋಣಿಯ ಕೆಲಸಕ್ಕೆ ಸೇರಿದ. ಅವನ ಮಾತು ಆಮೇಲೆಂದೂ ನೆಲಿದಾಳ ತೆರೆಯ ಮೇಲೆ ಬರಲಿಲ್ಲ.

ಕೆಲಸ ಬಿಡುತ್ತೇನೆಂದು ಅವಳು ಒಮ್ಮೆ ಡಾಕ್ಟರ ಬಳಿ ಹೋದದ್ದುಂಟು. “ಬಿಡು, ತಡೆಯಲ್ಲ,” ಎಂದಿದ್ದರು ಅವರು. “ಆದ್ರೆ ನಾಳೆಯಿಂದ ಆ ಜಾಗದಲ್ಲಿ ಯಾರು ಕೂತು ಓದ್ತಾರೆ ಅಂತ ನೀನೇ ಹೇಳಿ ಹೋಗು.” ನೆಲಿದಾಳಿಗೆ ಯಾರ ಹೆಸರೂ ಹೊಳೆಯಲಿಲ್ಲ. ಮರಳಿ ಬಂದು ಕುಳಿತಳು.

ಹೆಸರು ಈಗಲೂ ಅಳಿಸಿಯೇ ಬರುತ್ತಿತ್ತು. ಆದರೆ ‘ಜ್ವರ ಇಳೀತು’ ಎಂಬ ಮಾತು ಬಂದರೆ ಆ ಕೇರಿಯ ಕಾರ್ಯಕರ್ತೆಗೆ ಆಗಲೇ ಫೋನು ಹೋಗುತ್ತಿತ್ತು. ಜ್ವರವಿದ್ದ ಮನೆಗಳಿಗೆಲ್ಲ ಹೋಗಬೇಕು. ಮಗು ಮಲಗಿದ್ದರೂ ಎಬ್ಬಿಸಬೇಕು, ಯಾರು ಬೇಡವೆಂದರೂ ಕೈಕಾಲು ಮುಟ್ಟಿ ನೋಡಬೇಕು. ಹಾಗೆ ಕೆಲವು ಮಕ್ಕಳು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು. ಯಾವ ಮಕ್ಕಳೆಂದು ನೆಲಿದಾಳಿಗೆ ತಿಳಿಯಲಿಲ್ಲ. ತಿಳಿಯುವಂತೆಯೂ ಇರಲಿಲ್ಲ.

ಮಳೆಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಹಾಗೇ ಒಂದು ಮಾತು ಬಂತು, ಸಾನ್ ರೋಕೆಯದ್ದೇ. ನೆಲಿದಾ ಲೂರಿಂಗಳಿಗೆ ಫೋನು ಮಾಡಿ, ಇಡದೆ ಹಿಡಿದುಕೊಂಡೇ ಕುಳಿತಳು. ಬಾಗಿಲು ತಟ್ಟಿದ ಸದ್ದು, ಯಾರದೋ ಗೊಣಗಾಟ, ಲೂರಿಂಗಳ ಗಟ್ಟಿ ದನಿ ಕೇಳಿಸಿತು. ಆಮೇಲೆ ನಿದ್ದೆ ಕೆಟ್ಟ ಮಗುವೊಂದು ಸಿಟ್ಟಿನಿಂದ ಚೀರಿತು.

“ಕೈ ಬೆಚ್ಚಗಿದೆ ಮನಾಂಗ್,” ಎಂದಳು ಲೂರಿಂಗ್. “ಆದ್ರೆ ನಿದ್ದೆಯಿಂದ ಎಬ್ಬಿಸಿದೆ ಅಂತ ನನ್ನ ಮೇಲೆ ಹರಿಹಾಯ್ತಿದೆ, ಕೇಳಿ.”

“ಕೇಳಿಸ್ತಿದೆ,” ಎಂದಳು ನೆಲಿದಾ. ಫೋನನ್ನು ಕಿವಿಗೆ ಒತ್ತಿಕೊಂಡು ಆ ಅಳು ನಿಲ್ಲುವವರೆಗೂ ಕೇಳಿದಳು.